ನೀಲತ್ತಿಯ ಖಾಲಿ ಕೈ

ಅಡುಗೆಮನೆಯಲ್ಲಿ ಸೊಸೆ ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಆ ಘಾಟಿಗೆ ಕೆಮ್ಮುತ್ತ ಕೆಮ್ಮುತ್ತಲೇ ಮೊಮ್ಮಗಳು ಸಹನಾ ಒಳಗಿನ ಕೋಣೆಯಲ್ಲಿ ಇಂಗ್ಲಿಷು ಬಾಯಿಪಾಠ ಮಾಡುತ್ತಿದ್ದಳು. ನಾನು ಬಾಗಿಲ ಹತ್ತಿರ ಕಾಲು ಚಾಚಿ ಕೂತು, ತಾಟಿನಲ್ಲಿ ಬೆಳ್ಳುಳ್ಳಿ ಹಾಕಿಕೊಂಡು ಸುಲಿಯುತ್ತಿದ್ದೆ. ಹಾವೇರಿಯ ಸಂಜೆ, ಸ್ಟೇಶನ್ನಿನ ಕಡೆಯಿಂದ ರೈಲಿನ ಕೂಗು, ಎದುರು ಮನೆಯ ಟೀವಿ, ಇವೆಲ್ಲದರ ನಡುವೆ ಹುಡುಗಿಯ ದನಿ ಒಂದೇ ರಾಗದಲ್ಲಿ ಬರುತ್ತಿತ್ತು. ಒಂದು ಸಾಲು ವಾಕಿಂಗ್ ಎಂದು ಶುರುವಾಗುತ್ತಿತ್ತು, ಇನ್ನೊಂದು ಹೋಲ್ಡಿಂಗ್ ಎಂದು, ಮತ್ತೊಂದು ಸಿಟ್ಟಿಂಗ್ ಎಂದು.

"ಏನವಾ ಅದು, ಆಗಿಂದ ಇಂಗು ಇಂಗು ಅನ್ನಾಕತ್ತೀದಿ? ಒಗ್ಗರಣಿ ನಿಮ್ಮವ್ವ ಹಾಕ್ತಾಳ, ನೀ ಓದು," ಎಂದೆ.

"ಓದಾಕs ಹತ್ತೇನಿ ಅಜ್ಜಿ. ನಿನಗ ತಿಳಿಯಂಗಿಲ್ಲ ಬಿಡ. ಮನಷ್ಯಾ ಏನ್ ಮಾಡಾಕತ್ತಿದ್ದ ಅನ್ನೂದನ್ನ ಮೊದಲ ಹೇಳೂದು, ಆಮ್ಯಾಲ ಮುಖ್ಯ ಮಾತು. ಗಿಡದ ಬುಡಕ ಕುಂತು, ಆಂವ ಬುತ್ತಿ ಉಂಡ. ಇಂಗ್ಲಿಷಿನಾಗ ಹಿಂಗ ಶುರು ಮಾಡಿದ್ರ ಮಾರ್ಕ್ಸ್ ಜಾಸ್ತಿ."

ನನಗೆ ತಿಳಿಯದೆ ಏನು. ನಾನು ನಾಲ್ಕನೇತ್ತ, ಅಂದರೆ ನಾಲ್ಕನೇ ಕ್ಲಾಸು ಓದಿದವಳು, ಖರೆ. ಆದರೆ ಈ ಒಂದು ಪಾಠ ನನಗೆ ಸಾಲೆಯಲ್ಲಿ ಆದದ್ದಲ್ಲ. ಬೆಳ್ಳುಳ್ಳಿ ಸುಲಿಯುತ್ತಲೇ ಅಂದೆ: "ಬ್ರೇಕಿಂಗ್ ಚಿಲ್ಲೀಸ್, ಮೈ ಹ್ಯಾಂಡ್ಸ್ ಬರ್ನ್."

ಒಳಗೆ ಓದು ನಿಂತಿತು. ಹುಡುಗಿ ಪುಸ್ತಕ ಹಿಡಿದುಕೊಂಡೇ ಹೊರಗೆ ಬಂದಳು. ಅವಳ ಕಣ್ಣು ಇಷ್ಟಗಲ ಆಗಿದ್ದವು. ನಮ್ಮ ಮನೆಯ ಎಮ್ಮೆ ಇಂಗ್ಲಿಷು ಮಾತಾಡಿದ್ದರೂ ಅಷ್ಟು ಗಾಬರಿ ಆಗುತ್ತಿರಲಿಲ್ಲ ಅವಳಿಗೆ. ಆಮೇಲೆ ನಕ್ಕಳು. "ಅಜ್ಜಿ, ಇದು ತಪ್ಪು. ಮೆಣಸಿನಕಾಯಿ ಮುರಿಯಾಕಿ ನೀನು. ಉರಿಯೂದು ಕೈ. ನೀ ಹೇಳಿದ ಮಾತಿನಾಗ ಕೈಯs ಮೆಣಸಿನಕಾಯಿ ಮುರದಂಗಾತು. ಕೈ ತಾವs ಮುರೀತಾವೇನು? ನಮ್ಮ ಟೀಚರ್ ಆದ್ರ ಕೆಂಪು ಗೆರಿ ಎಳೀತಾರ."

"ಎಳೀಲಿ ಬಿಡು."

"ಯಾರು ಕಲಿಸಿದ್ರು ನಿನಗ ಇದನ್ನ?"

"ನೀಲತ್ತಿ" ಎಂದೆ. "ಯಾವ ನೀಲತ್ತಿ?" ಎಂದಳು. ಆ ಹೆಸರು ಆ ಹುಡುಗಿಯ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ. ತಪ್ಪು ಅವಳದಲ್ಲ. ನಮ್ಮ ಮನೆತನದಲ್ಲಿ ನೀಲತ್ತಿಯ ಫೋಟೋ ಕೂಡ ಇಲ್ಲ. ಫೋಟೋ ತೆಗೆಯುವವನು ಬಂದಾಗೆಲ್ಲ ಆಕೆ ಒಳಗೆ ಏನೋ ಕೆಲಸದಲ್ಲಿ ಇರುತ್ತಿದ್ದಳು. ಆಕೆಯ ಬಗ್ಗೆ ಹುಡುಗಿಗೆ ಅವತ್ತು ಹೇಳಿದ್ದನ್ನೂ, ಹುಡುಗಿ ಸಣ್ಣವಳೆಂದು ಹೇಳದೆ ಬಿಟ್ಟದ್ದನ್ನೂ ಇಲ್ಲಿ ಬರೆಯುತ್ತೇನೆ. ನಿಮ್ಮ ಮನೆಯಲ್ಲೂ ಫೋಟೋದಲ್ಲಿಲ್ಲದ ಒಬ್ಬಳು ಇದ್ದೇ ಇರುತ್ತಾಳೆ. ಆಕೆಯನ್ನು ನೆನೆಸಿಕೊಂಡು ಓದಿರಿ.

ನಮ್ಮ ತವರುಮನೆ ಬ್ಯಾಡಗಿಯಲ್ಲಿತ್ತು. ಮೆಣಸಿನಕಾಯಿ ವ್ಯಾಪಾರದ ಮನೆ. ಸಂಕ್ರಾಂತಿ ದಾಟಿದ ಮೇಲೆ ಚಕ್ಕಡಿಗಳು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದವು, ಪಡಸಾಲೆಯ ತುಂಬ ಮೆಣಸಿನಕಾಯಿ ಸುರಿಯುತ್ತಿದ್ದರು. ಗೋಡೆಗೆ ಒರಗಿದಂತೆ ಕೆಂಪು ರಾಶಿ, ಅದರ ಸುತ್ತ ನಾವು ಹೆಂಗಸರು. ತೊಟ್ಟು ಮುರಿಯಬೇಕು, ಬಿಳಿಚಿದ್ದನ್ನು ಬೇರೆ ಮಾಡಬೇಕು, ಸುಕ್ಕು ಚೆನ್ನಾಗಿ ಬಿದ್ದ ಕಡುಗೆಂಪಿನವನ್ನು ಬೇರೆ ಗುಂಪು ಹಾಕಬೇಕು. ಕಾಯಿ ತೀರ ಗರಿಗರಿಯಾಗಿದ್ದರೆ ಪುಡಿಯಾಗುತ್ತದೆಂದು ತುಸು ನೀರು ಚಿಮುಕಿಸುತ್ತಿದ್ದರು. ಆಗ ಏಳುವ ಒಂದು ವಾಸನೆ ಇದೆಯಲ್ಲ, ಸಿಹಿಯೂ ಅಲ್ಲ ಘಾಟೂ ಅಲ್ಲ, ಬಿಸಿಲನ್ನೇ ನೆನೆಯಿಟ್ಟಂತೆ. ನಮ್ಮ ಸೀರೆ, ಹಾಸಿಗೆ, ಕೂದಲು, ಕುಡಿಯುವ ನೀರು ಎಲ್ಲಕ್ಕೂ ಅದೇ ವಾಸನೆ. ಕೂಸುಗಳು ತಾಯಿಯ ಹಾಲಿನ ಜತೆ ಅದನ್ನೂ ಕುಡಿಯುತ್ತಿದ್ದವು. ಕೆಲಸಕ್ಕೆ ಕೂರುವ ಮೊದಲು ಕೈಗೆ ಕುಸುಬಿ ಎಣ್ಣೆ ಸವರಿಕೊಳ್ಳುತ್ತಿದ್ದೆವು, ಆದರೂ ಉರಿ ಬಿಡುತ್ತಿರಲಿಲ್ಲ. ಕಣ್ಣು ತುರಿಸಿದರೂ ಮುಟ್ಟುವಂತಿಲ್ಲ, ಮೂಗು ಸೋರಿದರೂ ಒರೆಸುವಂತಿಲ್ಲ. ಅಳು ಬಂದರೆ ಅತ್ತುಬಿಡುವುದು. ಮೆಣಸಿನಕಾಯಿ ಮನೆಯಲ್ಲಿ ಯಾರು ಅತ್ತರೂ ಯಾಕೆಂದು ಯಾರೂ ಕೇಳುತ್ತಿರಲಿಲ್ಲ.

ಮನೆಯ ಯಜಮಾನ ನಮ್ಮಜ್ಜ, ಅಂದರೆ ಅಪ್ಪನ ತಂದೆ. ಪಡಸಾಲೆಯ ಮೂಲೆಯಲ್ಲಿ ಗಾದಿಯ ಮೇಲೆ ಎಲೆಯಡಿಕೆ ಚೀಲ ಇಟ್ಟುಕೊಂಡು ಕೂತಿರುತ್ತಿದ್ದ. ಕೆಟ್ಟವನಲ್ಲ. ಹೊಡೆದವನಲ್ಲ, ಬೈದವನಲ್ಲ. ಕೇಳಿಸಿಕೊಳ್ಳದವನು, ಅಷ್ಟೆ. ಆ ಮನೆಯಲ್ಲಿ ಒಂದು ರೂಢಿ ಇತ್ತು. ಅಜ್ಜನ ಮುಂದೆ ಹೆಂಗಸರು ಖಾಲಿ ಕೈಯಲ್ಲಿ ಮಾತಾಡುವಂತಿರಲಿಲ್ಲ. ಯಾರು ಮಾಡಿದ ರೂಢಿಯೋ, ಅಜ್ಜನ ಅಪ್ಪನ ಕಾಲದಿಂದ ಬಂದದ್ದು. ಏನಾದರೂ ಹೇಳಬೇಕಾದರೆ ಒಂದು ಮೊರ ಹಿಡಿದುಕೊಂಡು ಹೋಗಿ ಅಕ್ಕಿ ಆರಿಸುತ್ತ ಹೇಳಬೇಕು, ಇಲ್ಲ ಬತ್ತಿ ಹೊಸೆಯುತ್ತ ಹೇಳಬೇಕು, ಇಲ್ಲ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತ ಹೇಳಬೇಕು. ಕಣ್ಣು ಕೆಲಸದ ಮೇಲೆ ಇರಬೇಕು. ಮಾತು ಗಂಡಸಿಗೆ ಅಲ್ಲ, ಮೊರಕ್ಕೆ ಹೇಳಿದಂತೆ ಇರಬೇಕು. ಖಾಲಿ ಕೈ ಮಡಿಲಲ್ಲಿಟ್ಟುಕೊಂಡು ಎದುರಿಗೆ ಕೂತರೆ ಜಗಳಕ್ಕೆ ಬಂದಳು ಎಂದೇ ಅರ್ಥ. "ಏನರ ಹಿಡ್ಕೊಂಡು ಹೋಗs," ಎಂದು ನಮ್ಮಾಯಿ, ಅಂದರೆ ಅಜ್ಜನ ಹೆಂಡತಿ, ಸೊಸೆಯಂದಿರ ಬೆನ್ನಿಗೆ ಹೇಳುತ್ತಲೇ ಇರುತ್ತಿದ್ದಳು.

ಅದರಲ್ಲಿ ಸುಖವೂ ಇತ್ತು, ಸುಳ್ಳು ಹೇಳಬಾರದು. ಕೈ ಓಡುತ್ತಿದ್ದರೆ ಬಾಯಿಗೆ ಕಡಿವಾಣವೇ ಇರಲಿಲ್ಲ. ಆಯಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ, "ಈ ಬೀಜದಷ್ಟರ ಬುದ್ಧಿ ಈ ಮನೀ ಗಂಡಸರಿಗೆ ಇದ್ದಿದ್ರ, ಹೋದ ವರ್ಷದ ಮಾಲು ಮಳಿಯಾಗ ತೋಯ್ತಿರಲಿಲ್ಲ ನೋಡವಾ," ಎನ್ನುತ್ತಿದ್ದಳು. ಅಜ್ಜ ಅಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದ. ಮೀಸೆಯಲ್ಲಿ ಒಂದಿಷ್ಟು ನಗುತ್ತಿದ್ದ. ನಮ್ಮವ್ವ ಅಕ್ಕಿ ಆರಿಸುತ್ತ, "ಈ ಸಲ ಕಲ್ಲು ಹಳ್ಳು ಭಾಳ ಅದಾವು. ನಮ್ಮಣ್ಣನ ಮಗಳ ಮದುವಿನೂ ಬಂತು," ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಅಜ್ಜನ ಮನಸ್ಸಿಗೆ ಬಂದರೆ ಮರುದಿನ ಚಕ್ಕಡಿ ಹೂಡಿಸಿ ಅವ್ವನನ್ನು ಕಳಿಸುತ್ತಿದ್ದ. ಬರದಿದ್ದರೆ ಏನೂ ಇಲ್ಲ. ಬೇಡ ಎಂದೂ ಹೇಳುತ್ತಿರಲಿಲ್ಲ. ಕೆಲಸದ ನಡುವಿನ ಮಾತಿಗೆ ಉತ್ತರ ಕೊಡಲೇಬೇಕು ಎಂದೇನಿಲ್ಲವಲ್ಲ. ಆ ರೂಢಿಯ ಹೊಟ್ಟೆಯಲ್ಲಿದ್ದ ಮೋಸ ಅದು. ನಾವು ಏನು ಬೇಕಾದರೂ ಅನ್ನಬಹುದಿತ್ತು. ಅವರು ಕೇಳಿಸಿಕೊಳ್ಳದೆ ಇರಬಹುದಿತ್ತು. ಮೊರದಲ್ಲಿ ಬಿದ್ದ ಮಾತು ಹೊಟ್ಟಿನ ಜತೆ ಹಾರಿಹೋಗುತ್ತಿತ್ತು.

ನೀಲತ್ತಿ ನಮ್ಮಪ್ಪನ ತಂಗಿ. ಅಜ್ಜನ ಕಡೇ ಮಗಳು. ಊರಿನ ಹೈಸ್ಕೂಲಿನಲ್ಲಿ ಮೆಟ್ರಿಕ್ ಪಾಸಾಗಿದ್ದಳು, ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಅದು ದೊಡ್ಡ ಸುದ್ದಿ. ಎತ್ತರದ ಹೆಂಗಸು, ಕಪ್ಪಗೆ, ಕೂದಲು ಯಾವಾಗಲೂ ಗಂಟು. ಆಕೆಯ ಕೈಬೆರಳು ಉದ್ದ. ರಾಶಿಯೊಳಗೆ ಕೈ ಹಾಕಿದರೆ ಸಾಕು, ನೋಡದೆಯೇ ಹಸಿ ಎಷ್ಟಿದೆ, ಒಣಗಿದ್ದು ಎಷ್ಟು ಎಂದು ಬೆರಳಿಗೆ ತಿಳಿಯುತ್ತಿತ್ತು. ದೂರದಿಂದ ಬರುವ ವ್ಯಾಪಾರಿಗಳು ಚೀಲದ ಮೇಲೆ ಕೈಯಿಟ್ಟು, "ನೀಲವ್ವ ಆರಿಸಿದ್ದೇನ್ರಿ ಇದು? ಹಂಗಿದ್ರ ಬಿಚ್ಚೂದು ಬ್ಯಾಡ ಬಿಡ್ರಿ," ಎನ್ನುತ್ತಿದ್ದರು. ಅಜ್ಜನಿಗೆ ಹಿಗ್ಗು. ನಾನು ಆಗ ಸಣ್ಣವಳು, ಹಿಗ್ಗು ಮಾತ್ರ ಕಂಡಿತ್ತು. ದೊಡ್ಡವಳಾದ ಮೇಲೆ ತಿಳಿಯಿತು. ಮಗಳಿಗೆ ಗಂಡು ನೋಡಬೇಕೆಂದು ಅಜ್ಜ ಒಂದು ದಿನವೂ ಚಪ್ಪಲಿ ಮೆಟ್ಟಿದವನಲ್ಲ. ಆ ಕೈ ಬೇರೆ ಮನೆಗೆ ಹೋದರೆ ಈ ಮನೆಯ ಚೀಲ ಬಿಚ್ಚಿಸಿ ನೋಡುವ ದಿನ ಬರುತ್ತಿತ್ತು.

ನಾಲ್ಕನೇತ್ತ ಮುಗಿದ ಮೇಲೆ ನನ್ನನ್ನು ಸಾಲೆ ಬಿಡಿಸಿ ರಾಶಿಯ ಮುಂದೆ ಕೂರಿಸಿದರು. ನಾನು ದೊಡ್ಡದಾಗಿ ಅಳಲಿಲ್ಲ. ಜತೆಯ ಹುಡುಗಿಯರೆಲ್ಲ ಹೀಗೇ ಕೂತಿದ್ದರು. ನೀಲತ್ತಿ ನನ್ನ ಪಕ್ಕಕ್ಕೆ ಸರಿದು, "ಗಂಗೀ, ಕೈ ಅವರದು. ಬಾಯಿ ಖಾಲಿ ಐತಲ್ಲ? ಓದೂಣು ಬಾ," ಎಂದಳು. ಅವತ್ತಿನಿಂದ ರಾಶಿಯೇ ನಮಗೆ ಸಾಲೆ. ಪುಸ್ತಕ ಹಿಡಿಯಲು ಕೈಯಿಲ್ಲ, ಎಲ್ಲ ಬಾಯಿಪಾಠ. ಮಗ್ಗಿ ಆಯಿತು, ಲೆಕ್ಕ ಆಯಿತು, ಆಮೇಲೆ ಇಂಗ್ಲಿಷು. "ಇಂಗ್ಲಿಷಿನವರೂ ನಮ್ಮಂಗ ಅದಾರ ಗಂಗಿ. ಮೊದಲ ಕೈಯಾಗಿನ ಕೆಲಸ ಹೇಳ್ತಾರ, ಆಮ್ಯಾಲ ತಮ್ಮ ಮಾತು ಹೇಳ್ತಾರ. ಅವರಿಗೂ ಒಬ್ಬ ಅಜ್ಜ ಇದ್ದಾನು," ಎಂದು ಕಿಸಕ್ಕನೆ ನಗುತ್ತಿದ್ದಳು. ಹಾಗೆ ಕಲಿತ ಸಾಲುಗಳೇ ನನ್ನ ಇಂಗ್ಲಿಷು. ಸಿಟ್ಟಿಂಗ್ ಹಿಯರ್, ಐ ಸೀ ದ ರೋಡ್. ಇಲ್ಲಿ ಕೂತು, ನಾನು ದಾರಿ ನೋಡುತ್ತೇನೆ. ಹಿಯರಿಂಗ್ ದ ಬಸ್, ಐ ಲಿಫ್ಟ್ ಮೈ ಹೆಡ್. ಬಸ್ಸಿನ ಸದ್ದು ಕೇಳಿ, ನಾನು ತಲೆಯೆತ್ತುತ್ತೇನೆ. ಖರೆ ಎಂದರೆ ನಮ್ಮ ಪಡಸಾಲೆಯ ಬಾಗಿಲಿನಿಂದ ದಾರಿಯ ಒಂದು ತುಂಡು ಕಾಣುತ್ತಿತ್ತು. ಬಸ್ಸು ಆ ತುಂಡಿನಲ್ಲಿ ಬಂದು ಆ ತುಂಡಿನಲ್ಲೇ ಹೋಗಿಬಿಡುತ್ತಿತ್ತು. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ನಮಗೆ ಗೊತ್ತಿರುತ್ತಿರಲಿಲ್ಲ.

ಒಂದು ಮಾಗಿಯಲ್ಲಿ ನೀಲತ್ತಿಗೆ ಹೈಸ್ಕೂಲಿನಲ್ಲಿ ಕಲಿಸಿದ ಅಕ್ಕೋರು ಮನೆಗೆ ಬಂದರು. ಹಾವೇರಿ ಕಡೆಯ ಕರ್ಜಗಿ ಊರಿನ ಸಾಲೆಗೆ ಒಬ್ಬ ಅಕ್ಕೋರು ಬೇಕಾಗಿದ್ದರು, ಮೆಟ್ರಿಕ್ ಆದ ಹೆಣ್ಣುಮಗಳು ಸಿಗುತ್ತಿಲ್ಲ, ನಿಮ್ಮ ನೀಲವ್ವನನ್ನು ಕಳಿಸಿರಿ ಎಂದು ಕೇಳಲಿಕ್ಕೆ ಬಂದದ್ದು. ಅಲ್ಲಿ ಉಳಿಯಲು ತಮ್ಮ ಬಳಗದ ಮನೆ ಇದೆ, ಚಿಂತೆ ಬೇಡ ಎಂದರು. ಅಕ್ಕೋರು ಕುರ್ಚಿಯ ಮೇಲೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಅಜ್ಜನ ಮುಖ ನೋಡುತ್ತ ಮಾತಾಡಿದ್ದನ್ನು ನಾವೆಲ್ಲ ಬಾಗಿಲ ಸಂದಿಯಿಂದ ನೋಡಿದೆವು. ಹೊರಗಿನವರಿಗೆ ರೂಢಿ ಇಲ್ಲ. ಅಜ್ಜ ಅವರಿಗೆ ಮರ್ಯಾದೆಯಿಂದಲೇ ಹೇಳಿದ: "ನೋಡೂಣಂತ್ರಿ ಅಕ್ಕೋರ. ಚಾ ಕುಡೀರಿ." ಹೊರಡುವಾಗ ಅಕ್ಕೋರು ನೀಲತ್ತಿಯನ್ನು ಬಾಗಿಲಿಗೆ ಕರೆದು, "ನಿಮ್ಮಪ್ಪನ ಬಾಯಿಲೆ ಒಂದು ಹೂಂ ಹೇಳಿಸ್ಕೋ. ಯುಗಾದಿ ಮಟ ನಾ ಕಾಯ್ತೇನಿ. ಆಮ್ಯಾಲ ಬ್ಯಾರೇದವರಿಗೆ ಹೋಗತೈತಿ ಜಾಗಾ," ಎಂದರು.

ಒಂದು ಹೂಂ. ಆ ಮಾಗಿ ಪೂರ್ತಿ ಆ ಮನೆಯಲ್ಲಿ ನೀಲತ್ತಿ ಹುಡುಕಿದ್ದು ಅದನ್ನೇ. ಹೂಂ ಇಲ್ಲದೆ ಹೊಸ್ತಿಲು ದಾಟುವುದು ಆಗಿನ ಹೆಣ್ಣುಮಗಳಿಗೆ ಆಗದ ಮಾತು. ಅಜ್ಜ ಬೇಡ ಎಂದಿದ್ದರೂ ನೀಲತ್ತಿಗೆ ಒಂದು ದಾರಿ ಇತ್ತು. ಅಳಬಹುದಿತ್ತು, ಉಪವಾಸ ಕೂರಬಹುದಿತ್ತು, ನಮ್ಮಪ್ಪನ ಹತ್ತಿರ ಹೇಳಿಸಬಹುದಿತ್ತು. ಅಜ್ಜ ಏನೂ ಅನ್ನಲೇ ಇಲ್ಲವಲ್ಲ. ಬತ್ತಿ ಹೊಸೆಯುತ್ತ ಒಮ್ಮೆ ಕೇಳಿದಳು. ಅಜ್ಜ ಕೆಮ್ಮಿ ಎದ್ದುಹೋದ. ರೊಟ್ಟಿ ಬಡಿಯುತ್ತ, ಊಟಕ್ಕೆ ಕೂತ ಅಜ್ಜನಿಗೆ ಕೇಳುವಷ್ಟು ಜೋರಾಗಿ, "ಕರ್ಜಗೀ ಸಾಲಿ ಮಕ್ಕಳಿಗೆ ಅಕ್ಕೋರಿಲ್ಲಂತ ನೋಡ ಯವ್ವಾ, ಪಾಪ," ಎಂದಳು. ಅಜ್ಜ, "ಇನ್ನರ್ಧ ರೊಟ್ಟಿ ಹಾಕು," ಎಂದ. ರಾಶಿಯ ಮುಂದೆ ತೊಟ್ಟು ಮುರಿಯುತ್ತ, "ಅಪ್ಪಾ, ಅಕ್ಕೋರು ಕಾಯಾಕತ್ತಾರ," ಎಂದು ನೇರವಾಗಿಯೇ ಅಂದಳು, ಕಣ್ಣು ಮಾತ್ರ ಎತ್ತಲಿಲ್ಲ. "ಆ ಮೂಲ್ಯಾಗಿನ ಚೀಲ ಇಲಿ ಕಡದಾವೇನ ನೋಡು," ಎಂದ ಅಜ್ಜ. ನಾನು ಪಕ್ಕದಲ್ಲೇ ಇದ್ದೆ. ನೀಲತ್ತಿ ಎದ್ದುಹೋಗಿ ಚೀಲ ನೋಡಿ ಬಂದಳು. "ಕಡದಿಲ್ಲಪಾ," ಎಂದಳು. ಮತ್ತೆ ಕೂತಳು.

ಯುಗಾದಿ ಹತ್ತಿರ ಬಂತು. ಒಂದು ಮಧ್ಯಾಹ್ನ ನೀಲತ್ತಿ ರಾಶಿಯಿಂದ ಎದ್ದು ಹಿತ್ತಲಿಗೆ ಹೋದಳು. ಉರಿ ಹೋಗಲೆಂದು ಕೈಗೆ ಮಜ್ಜಿಗೆ ಹಾಕಿಕೊಂಡು ತಿಕ್ಕಿದಳು. ಆಮೇಲೆ ನೀರು, ಆಮೇಲೆ ಮತ್ತೆ ಮಜ್ಜಿಗೆ. ಸೆರಗಿನಿಂದ ಒಂದೊಂದೇ ಬೆರಳು ಒರೆಸಿಕೊಂಡಳು. ನಮ್ಮವ್ವ ನೋಡಿದಳು. ಮೊರ ಒಂದನ್ನು ತಾನಾಗಿಯೇ ಮುಂದೆ ಮಾಡಿದಳು. ನೀಲತ್ತಿ ಅದನ್ನು ಮುಟ್ಟಲಿಲ್ಲ. ನೇರ ಪಡಸಾಲೆಗೆ ಬಂದು ಅಜ್ಜನ ಗಾದಿಯ ಎದುರಿಗೆ ಕೂತಳು. ಎರಡೂ ಕೈ ಅಂಗೈ ಮೇಲ್ಮುಖ ಮಾಡಿ ಮಡಿಲಲ್ಲಿ ಇಟ್ಟುಕೊಂಡಳು. ಆಕೆಯ ಅಂಗೈ ಕೆಂಪಗೆ, ಸುಲಿದಂತೆ ಇತ್ತು. ಆ ಕೈ ಹಾಗೆ ಸುಮ್ಮನೆ ಇದ್ದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ರಾಶಿಯ ಸುತ್ತ ಕೂತ ಹೆಂಗಸರೆಲ್ಲ ತಿರುಗುವುದು ನಿಂತ ಗಾಣದಂತೆ ಆದರು.

"ಅಪ್ಪಾ," ಎಂದಳು. ಅಜ್ಜ ಅಡಕತ್ತರಿ ಕೆಳಗಿಟ್ಟ. "ನಾ ಕರ್ಜಗಿಗೆ ಹೋಗ್ಬೇಕಂತ ಮಾಡೇನಿ. ನೀ ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ಏನರ ಒಂದು ಅನ್ನು."

ಅಜ್ಜ ಮಗಳ ಮುಖ ನೋಡಿದ. ಸಿಟ್ಟು ಬಂದಿತ್ತೆ ಎಂದರೆ, ಇಲ್ಲ. ಹೆದರಿದವನ ಹಾಗೆ ಇದ್ದ. ಈಗ ಕೇಳಿಸಿಕೊಳ್ಳದೆ ಇರಲು ಅವನಿಗೆ ಜಾಗವೇ ಇರಲಿಲ್ಲ. ಬಾಯಿ ತೆರೆದ. ನಾನು ನನ್ನ ಕಣ್ಣಾರೆ ನೋಡಿದ್ದು, ಅಜ್ಜ ಬಾಯಿ ತೆರೆದ, ಮಾತು ತುಟಿಯವರೆಗೆ ಬಂದಿತ್ತು.

ಅಷ್ಟರಲ್ಲಿ ಒಳಗಿನಿಂದ ನಮ್ಮಾಯಿ ದಡಬಡ ಬಂದಳು. ಆಕೆಯ ಕೈಯಲ್ಲಿ ಮೊರ ತುಂಬ ಮೆಣಸಿನಕಾಯಿ. ಅದನ್ನು ಮಗಳ ಮಡಿಲಲ್ಲಿ ಇಟ್ಟುಬಿಟ್ಟಳು. ಇಟ್ಟು, ಕಿವಿಯ ಹತ್ತಿರ ಬಗ್ಗಿ, "ಹುಚ್ಚೀ, ಹಿಂಗ ಕುಂತ್ರ ಅವರು ಕೊಡೂ ಹೂಂ ಸುದ್ದಾ ಕೊಡಂಗಿಲ್ಲ. ಕೈಯಾಗ ಏನರ ಇರಲಿ," ಎಂದಳು. ಆಯಿಗೆ ಮಗಳು ಹೋಗಲಿ ಎಂದೇ ಇತ್ತು. ಅದು ನನಗೆ ಗೊತ್ತು. ಮಗಳಿಗಾಗಿ ಹೊಸ ಸೀರೆಯನ್ನೂ ತೆಗೆದಿಟ್ಟಿದ್ದಳು. ಮಗಳು ಮರ್ಯಾದೆ ತಪ್ಪಿ ತನ್ನ ಕೆಲಸ ತಾನೇ ಕೆಡಿಸಿಕೊಳ್ಳುತ್ತಾಳೆ ಎಂದು ಓಡಿಬಂದವಳು ಅವಳು. ಬೇರೆ ಮನೆಯ ತಾಯಿ ಆಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾವ ತಾಯಿಯೂ ಹೀಗೆ ಮಾಡದೆ ಇರುತ್ತಿರಲಿಲ್ಲ.

ಮೊರ ಮಡಿಲಿಗೆ ಬಂತು. ನೀಲತ್ತಿಯ ಕಣ್ಣು ಅಪ್ಪನ ಬಾಯಿಯ ಮೇಲೇ ಇತ್ತು, ಆಕೆ ಮೊರವನ್ನು ನೋಡಲೂ ಇಲ್ಲ. ಆದರೆ ಕೈ ಎದ್ದವು. ಒಂದು ಕಾಯಿ ಹಿಡಿದವು, ತೊಟ್ಟು ಮುರಿದವು, ಬದಿಗೆ ಹಾಕಿದವು. ಇನ್ನೊಂದು ಹಿಡಿದವು. ಚಟ್, ಚಟ್ ಎಂದು ಆ ಸದ್ದು ಪಡಸಾಲೆಯ ತುಂಬ ಕೇಳಿತು. ಅಜ್ಜ ಆ ಕೈಗಳನ್ನು ನೋಡಿದ. ತೆರೆದ ಬಾಯಿ ಮುಚ್ಚಿದ. ಅವನ ಮುಖಕ್ಕೆ ಮತ್ತೆ ನಿರಾಳ ಬಂತು. ಅಡಕತ್ತರಿ ಎತ್ತಿಕೊಂಡ. ರಾಶಿಯ ಹೆಂಗಸರೂ ಉಸಿರು ಬಿಟ್ಟು ತಂತಮ್ಮ ಕಾಯಿ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ನೀಲತ್ತಿ ತಲೆ ಬಗ್ಗಿಸಿ ತನ್ನ ಕೈಗಳನ್ನು ನೋಡಿದಳು. ಬೇರೆ ಯಾರದೋ ಕೈಯನ್ನು ನೋಡಿದಂತೆ ನೋಡಿದಳು. ನಿಲ್ಲಿಸಲಿಲ್ಲ. ಆ ಮೊರ ಮುಗಿಯುವ ತನಕ ಮುರಿದಳು.

ಮರುದಿನ ಪಾಠದ ಹೊತ್ತಿಗೆ ನಾನೇ, "ನೀಲತ್ತಿ, ಇಂಗ್ಲಿಷು," ಎಂದೆ. ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಒಂದು ಸಾಲು ಹೇಳಿಕೊಟ್ಟಳು. ಬ್ರೇಕಿಂಗ್ ಚಿಲ್ಲೀಸ್, ಮೈ ಹ್ಯಾಂಡ್ಸ್ ಬರ್ನ್. ಮೆಣಸಿನಕಾಯಿ ಮುರಿಯುತ್ತ, ನನ್ನ ಕೈ ಉರಿಯುತ್ತವೆ. ನಾನು ಬಾಯಿಪಾಠ ಮಾಡಿದೆ. ಅದೇ ಕಡೆಯ ಪಾಠ. ಯುಗಾದಿ ಆಯಿತು, ಕರ್ಜಗಿಗೆ ಬೇರೆ ಯಾರೋ ಅಕ್ಕೋರು ಹೋದರು. ನಮ್ಮಾಯಿ ಆಮೇಲೆ ಬಹಳ ವರ್ಷ ಬದುಕಿದಳು. ಬತ್ತಿ ಹೊಸೆಯುತ್ತ, ಕಾಳು ಕೇರುತ್ತ, ಅಜ್ಜನಿಗೆ ಕೇಳುವಂತೆ, "ಅವತ್ತ ಏನ್ ಅನ್ನಾವ್ರಿದ್ರೋ ಏನೋ," ಎನ್ನುತ್ತಲೇ ಇದ್ದಳು. ಕೆಲಸದ ನಡುವಿನ ಮಾತು. ಅಜ್ಜ ಉತ್ತರ ಕೊಡಲಿಲ್ಲ, ಕೊಡದೆಯೇ ಸತ್ತ. ಹೂಂ ಎನ್ನುವವನಿದ್ದನೋ ಉಹೂಂ ಎನ್ನುವವನಿದ್ದನೋ ಇವತ್ತಿಗೂ ನಮಗೆ ಗೊತ್ತಿಲ್ಲ.

ನನ್ನನ್ನು ಕೊಟ್ಟದ್ದು ಕರ್ಜಗಿಗೇ. ನಗುವಂಥದ್ದೇ ಇದು. ಯಾರು ಹೋಗಬೇಕಾಗಿತ್ತೋ ಅವರು ಹೋಗಲಿಲ್ಲ, ಕೇಳದೆ ಇದ್ದವಳನ್ನು ಕಳಿಸಿದರು. ಹೊಲಕ್ಕೆ ಬುತ್ತಿ ಒಯ್ಯುವಾಗೆಲ್ಲ ಸಾಲೆಯ ಮುಂದೆ ಹಾಯಬೇಕು. ನನ್ನ ದೊಡ್ಡ ಮಗನ ತೊಟ್ಟಿಲಿಗೆ ನೀಲತ್ತಿ ಬಂದಳು. ತೊಟ್ಟಿಲ ಕಾರ್ಯ ಮುಗಿದ ಮೇಲೆ, "ಸಾಲಿ ಎಲ್ಲೈತಿ ತೋರಸ," ಎಂದಳು. ಕರೆದುಕೊಂಡು ಹೋದೆ. ಒಳಗೆ ಬಾ ಎಂದರೆ ಬರಲಿಲ್ಲ. ಬೇವಿನ ಗಿಡದ ಕೆಳಗೆ ನಿಂತು, ಒಳಗೆ ಹುಡುಗರು ಮಗ್ಗಿ ಹೇಳುವುದನ್ನು ಕೇಳಿದಳು. ಒಬ್ಬ ಹುಡುಗ ನಡುವೆ ತಪ್ಪಿದ. ನೀಲತ್ತಿ ತುಟಿಯಲ್ಲೇ ತಿದ್ದಿದಳು. ತಿರುಗಿ ಬರುವಾಗ ಅಂದಳು: "ನಾ ಮುರೀಲಿಲ್ಲ ಗಂಗಿ ಅವತ್ತ. ದೇವರಾಣಿ. ಕೈ ಮುರದ್ವು." ಬಗಲಲ್ಲಿ ಕೂಸಿತ್ತು, ಅದಕ್ಕೆ ಬಿಸಿಲು ಹತ್ತುತ್ತದೆ ಎಂದು ಸೆರಗು ಹೊದಿಸಿದೆ.

ಅಜ್ಜ ಹೋದ ಮೇಲೆ ಮನೆ ಹಿಸೆ ಆಯಿತು, ಅಣ್ಣತಮ್ಮಂದಿರು ಬೇರೆಯಾದರು. ನಮ್ಮಪ್ಪನ ತಮ್ಮ ರಾಣೆಬೆನ್ನೂರಿಗೆ ಹೋಗಿ ಬೀಜದ ಅಂಗಡಿ ಇಟ್ಟ. ನೀಲತ್ತಿ ಅವನ ಪಾಲಿಗೆ ಹೋದಳು. ಪಾಲಿಗೆ ಎಂದು ಬೇಕೆಂದೇ ಬರೆದಿದ್ದೇನೆ. ಅಲ್ಲಿಯೂ ಆಕೆ ಕೂತಲ್ಲಿ ಬೀಜ ಆರಿಸುತ್ತಿದ್ದಳು, ಮೆಣಸಿನಕಾಯಿ ಹೋಗಿ ಬೀಜ ಬಂತು, ಅಷ್ಟೆ. ಕಡೆಗೆ ಬೆರಳ ಗಂಟುಗಳು ಬಾತುಕೊಂಡು ಮಡಚಲು ಬಾರದಾಯಿತು. ಅಷ್ಟೊತ್ತಿಗೆ ನಾನು ಕರ್ಜಗಿ ಬಿಟ್ಟು ಮಗನ ಜತೆ ಹಾವೇರಿಗೆ ಬಂದಿದ್ದೆ, ಅಲ್ಲಿಂದ ಬಸ್ಸಿಗೆ ಹೋಗಿ ನೋಡಿಬಂದೆ. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದರು. ಎರಡೂ ಕೈ ಅಂಗೈ ಮೇಲ್ಮುಖ ಮಾಡಿ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಅವತ್ತಿನ ಹಾಗೆಯೇ. ನಾನು ಅದನ್ನು ನೋಡಿದ್ದು ಆಕೆಗೆ ತಿಳಿಯಿತು. "ಈಗ ಏನ್ ಬೇಕಾದ್ದು ಮಾತಾಡಬಹುದು ನೋಡ ಗಂಗಿ. ಕೈ ಖಾಲಿ ಅದಾವ," ಎಂದು ನಕ್ಕಳು. "ಮಾತಾಡs ಮತ್ತ," ಎಂದೆ. "ಯಾರ ಮುಂದ?" ಎಂದಳು. ಅಂಗಡಿಯೊಳಗೆ ಗಿರಾಕಿಗಳ ಗದ್ದಲ, ಹೊರಗೆ ಆಟೋಗಳ ಗದ್ದಲ. ಅದಾದ ಮೇಲಿನ ಮಳೆಗಾಲಕ್ಕೆ ಹೋದಳು. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು.

ಬ್ಯಾಡಗಿಯ ಆ ಮನೆಯ ಜಾಗದಲ್ಲಿ ಈಗ ಕೋಲ್ಡ್ ಸ್ಟೋರೇಜ್ ಇದೆ. ಹೋದ ವರ್ಷ ಯಾರದೋ ಮದುವೆಗೆ ಹೋದಾಗ ಮುಂದೆ ಹಾದೆ. ಕಿಟಕಿಯಿಲ್ಲದ ಎತ್ತರದ ಗೋಡೆ. ಒಳಗೆ ಚೀಲದ ಮೇಲೆ ಚೀಲ, ಮೆಣಸಿನಕಾಯಿ ಚಳಿಯಲ್ಲಿ ಮಲಗಿರುತ್ತದಂತೆ. ನಿಂತು ಮೂಗು ಅರಳಿಸಿದೆ. ಒಂದಿಷ್ಟೂ ವಾಸನೆ ಇಲ್ಲ. ಪಡಸಾಲೆ ಎಲ್ಲಿತ್ತು, ಹಿತ್ತಲು ಎಲ್ಲಿತ್ತು, ದಾರಿಯ ತುಂಡು ಕಾಣುತ್ತಿದ್ದ ಬಾಗಿಲು ಯಾವ ದಿಕ್ಕಿಗಿತ್ತು, ಏನೂ ಹೊಂದಲಿಲ್ಲ. ಜತೆಗಿದ್ದವರು ಲಗೂ ಬರ್ರಿ ಎಂದರು. ಹೋದೆ.

ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ದೀಪ ಹಚ್ಚಿದ್ದರು. ಸಹನಾ ಪುಸ್ತಕ ಮಡಚಿ ನನ್ನ ಎದುರಿಗೆ ನೆಲದ ಮೇಲೆ ಕೂತಿದ್ದಳು, ಎರಡೂ ಕೈ ಗಲ್ಲಕ್ಕೆ ಕೊಟ್ಟುಕೊಂಡು. ಅಡುಗೆಮನೆಯಿಂದ ಸೊಸೆ, "ಅತ್ತೀ, ಬೆಳ್ಳುಳ್ಳಿ ಒಂದೀಟು ಆಗ್ಯಾವೇನ್ರಿ?" ಎಂದು ಕೂಗಿದಳು. ಹುಡುಗಿ ತಾಟಿನ ಕಡೆ ನೋಡಿದಳು.

"ಎಲ್ಲಾ ಸುಲದಿಯಲ್ಲ ಅಜ್ಜಿ. ಯಾವಾಗ ಸುಲದಿ?"

ನಾನೂ ನೋಡಿದೆ. ತಾಟಿನ ತುಂಬ ಬಿಳೀ ಎಸಳು, ಸುತ್ತ ಸಿಪ್ಪೆ. ಒಂದು ಗಡ್ಡೆಯೂ ಉಳಿದಿರಲಿಲ್ಲ. ಬೆರಳು ಚುರುಚುರು ಎನ್ನುತ್ತಿದ್ದವು. ಯಾವಾಗ ಸುಲಿದೆನೋ ನನಗೂ ಗೊತ್ತಿರಲಿಲ್ಲ. ಇನ್ನೊಂದು ಗಡ್ಡೆಗಾಗಿ ತಾಟಿನ ಅಂಚನ್ನು ಬೆರಳು ಇನ್ನೂ ತಡಕಾಡುತ್ತಿದ್ದವು.